ಮನೆತನದ ರೋಗ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯನ್ನು ನೋಡಿ ಬಂದವರಿಗೆ ಅಲ್ಲಿನ ಕೇದಾರೇಶ್ವರ ದೇವಾಲಯದ ಚೆಲುವು ನೆನಪಿರುತ್ತದೆ. ಕೋಡಿಯ ಮಠದ ನೆನಪು ಬಹುಮಂದಿಗೆ ಇರಲಾರದು. ಕಳಚುರಿ ಬಿಜ್ಜಳನ ಕಾಲದ, ೧೧೬೨ರ ಶಾಸನವೊಂದು ಈ ಮಠವನ್ನು ಸವಿಸ್ತಾರವಾಗಿ ವರ್ಣಿಸುತ್ತದೆ. ವೇದ, ವ್ಯಾಕರಣ, ದರ್ಶನ, ಕಾವ್ಯ, ನಾಟಕಗಳ ಪಾಠ ಅಲ್ಲಿ ನಡೆಯುತ್ತಿತ್ತು. ದೀನರಿಗೂ ಕುಂಟರು ಕುರುಡರಿಗೂ ಅನ್ನ ಸಿಗುತ್ತಿತ್ತು. ದಿಕ್ಕಿಲ್ಲದ ರೋಗಿಗಳಿಗೆ ಮದ್ದೂ ಆರೈಕೆಯೂ ದೊರೆಯುತ್ತಿದ್ದುವು. ಅಲ್ಲಮ, ಅಕ್ಕಮಹಾದೇವಿಯರ ಸೀಮೆಯಲ್ಲಿ, ಅವರ ಶತಮಾನದಲ್ಲಿಯೇ, ವಿದ್ಯಾಲಯ, ಛತ್ರ, ಆಸ್ಪತ್ರೆ ಮೂರೂ ಒಂದೇ ಸೂರಿನಡಿ ಇದ್ದುವೆಂಬುದು ನಮ್ಮ ಜಿಲ್ಲೆಯವರು ತಕ್ಕಮಟ್ಟಿಗೆ ಹೆಮ್ಮೆಪಡಬಹುದಾದ ಸಂಗತಿ. ಆ ಮಠದ ಜಗಲಿಗೆ ಹೊಟ್ಟೆನೋವೆಂದು ಬಂದು ಕುಳಿತವರು ಎಷ್ಟು ಮಂದಿಯೋ! ಅವರಲ್ಲಿ ಕೆಲವರಿಗೆ ಕಷಾಯದಿಂದ ಗುಣವಾಗಿರಬೇಕು. ಇನ್ನು ಕೆಲವರು ದಿನದಿಂದ ದಿನಕ್ಕೆ ಸೊರಗಿ, ಅನ್ನ ಸೇರದೆ, ತಿಂದದ್ದನ್ನು ಕಾರಿಕೊಂಡು ಅಲ್ಲಿಯೇ ಕಣ್ಣು ಮುಚ್ಚಿರಬೇಕು.

ಈ ಎರಡನೆಯ ಬಗೆಯ ಹೊಟ್ಟೆನೋವನ್ನು ಹಿಂದಿನವರು ಅರಿಯದವರಲ್ಲ. ಸುಶ್ರುತನಲ್ಲಿ ‘ಅರ್ಬುದ’ ಎಂಬ ಮಾತಿದೆ. ಚರಕನಲ್ಲಿ ‘ಗುಲ್ಮ’ದ ವಿವರವಿದೆ. ಕನ್ನಡದಲ್ಲಿಯೂ ವೈದ್ಯ ಗ್ರಂಥಗಳಿಗೆ ಬಡತನವಿಲ್ಲ. ಜಗದ್ದಳ ಸೋಮನಾಥ ಹನ್ನೆರಡನೆಯ ಶತಮಾನದಲ್ಲಿ ಪೂಜ್ಯಪಾದರ ಸಂಸ್ಕೃತ ಗ್ರಂಥವನ್ನು ಅನುಸರಿಸಿ ‘ಕರ್ಣಾಟಕ ಕಲ್ಯಾಣಕಾರಕ’ವನ್ನು ರಚಿಸಿದ, ಮದ್ದಿನಲ್ಲಿಯೂ ಮದ್ಯ, ಮಾಂಸ, ಜೇನುಗಳನ್ನು ಕೂಡದೆಂದ ಜೈನ ವೈದ್ಯ ಆತ. ಹದಿನಾಲ್ಕನೆಯ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ ವಿಷವೈದ್ಯಕ್ಕೆ ಮೀಸಲಾದರೂ ಕಾವ್ಯದಂತೆ ಓದಿಸಿಕೊಳ್ಳುತ್ತದೆ. ಇವರೆಲ್ಲರ ಕೈಬೆರಳಿಗೆ ಗಂಟು ಸಿಕ್ಕುತ್ತಿತ್ತು. ಹೊಟ್ಟೆಯನ್ನು ಒತ್ತಿದಾಗ ಒಳಗೆ ಗಟ್ಟಿಯಾದದ್ದೊಂದು ತಗುಲಿದರೆ ಅದು ಗುಲ್ಮವೋ ಅರ್ಬುದವೋ ಎಂದು ವಿಚಾರಿಸುತ್ತಿದ್ದರು. ಆದರೆ ಗಂಟು ಕೈಗೆ ಸಿಕ್ಕುವಷ್ಟಾಗುವಾಗ ಕಥೆ ಮುಕ್ಕಾಲು ಪಾಲು ಮುಗಿದಿರುತ್ತದೆ. ಮೊದಲ ಅಧ್ಯಾಯವನ್ನು ಓದುವ ಕಣ್ಣು ಅವರಿಗಿರಲಿಲ್ಲ. ಅವರಿಗೇಕೆ, ಜಗತ್ತಿನಲ್ಲಿ ಯಾರಿಗೂ ಇರಲಿಲ್ಲ.

ಕನ್ನಡ ಪಾಠ ಹೇಳಿಕೊಂಡಿರಬೇಕಾದವನು ಜಠರದ ಕ್ಯಾನ್ಸರಿನ ವಿಷಯಕ್ಕೆ ಏಕೆ ಕೈಹಾಕಿದನೆಂದು ಓದುಗರು ಕೇಳಬಹುದು. ಅದಕ್ಕೆ ಕಾರಣ ಉಳವಿ. ಉಳವಿಯೆಂದರೆ ಚೆನ್ನಬಸವಣ್ಣನವರು ಐಕ್ಯರಾದ, ಉತ್ತರ ಕನ್ನಡದ ಕಾಡಿನ ನಡುವಿನ ಉಳವಿಯಲ್ಲ. ಸೊರಬ ತಾಲ್ಲೂಕಿನ ಉಳವಿ, ಒಂದು ಹೋಬಳಿಯ ಕೇಂದ್ರ. ಅಲ್ಲಿ ನಮ್ಮ ದೊಡ್ಡಪ್ಪನವರ ಮನೆಯಿದೆ. ನಾನು ಹುಡುಗನಾಗಿದ್ದಾಗ ದೊಡ್ಡಪ್ಪನವರು ಹೊಟ್ಟೆಯ ಗಡ್ಡೆಯಿಂದ ತೀರಿಕೊಂಡರು. ಈಗ ಕೆಲವು ವರ್ಷಗಳ ಕೆಳಗೆ ಅವರ ಮಗ, ನಾನು ಅಣ್ಣನೆಂದೇ ಕರೆಯುತ್ತಿದ್ದವನು, ಅದೇ ರೀತಿಯಲ್ಲಿ ಹೋದ. ವರ್ಷವೊಪ್ಪತ್ತು ಅವನು ಅದನ್ನು ‘ಗ್ಯಾಸ್’ ಎಂದುಕೊಂಡೇ ಕಳೆದಿದ್ದ. ಜೀರಿಗೆ ಕಷಾಯ, ಸೋಡಾ, ಅಂಗಡಿಯಿಂದ ತಂದ ಮಾತ್ರೆ, ಇಷ್ಟರಲ್ಲಿಯೇ ಕಾಲ ಸಾಗಿತು. ಶಿವಮೊಗ್ಗದಲ್ಲಿ ಎಂಡೋಸ್ಕೋಪಿ ಮಾಡಿಸುವ ಹೊತ್ತಿಗೆ ರೋಗ ಪಿತ್ತಕೋಶವನ್ನು ದಾಟಿ ಯಕೃತ್ತಿಗೆ ಹೋಗಿತ್ತು.

ಸತ್ತವನ ದುಃಖ ಕಾಲಕ್ಕೆ ಶಮನವಾಗುತ್ತದೆ. ಆಗದೆ ಉಳಿದದ್ದು ಬೇರೆ. ಅವನ ಮಗಳಿಗೆ ಬಂದಿದ್ದ ಸಂಬಂಧವೊಂದು ಮಾತುಕತೆಯ ಹಂತ ಮುಟ್ಟಿ ಹಿಂದಕ್ಕೆ ಸರಿಯಿತು. ನಡುವೆ ಓಡಾಡುತ್ತಿದ್ದ ಹಿರಿಯರು ನನ್ನಲ್ಲಿಗೆ ಬಂದು ಸಂಕೋಚದಿಂದಲೇ ಹೇಳಿದರು: “ಹುಡುಗಿ ಒಳ್ಳೆಯವಳು ಮೇಷ್ಟ್ರೇ, ಓದಿದ್ದಾಳೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಜ್ಜನೂ ಹೊಟ್ಟೆಯಿಂದಲೇ ಹೋದರು, ಅಪ್ಪನೂ ಹೊಟ್ಟೆಯಿಂದಲೇ ಹೋದ. ಮನೆತನದ ರೋಗ ಅಂದಮೇಲೆ ಹೇಗೆ ಹೇಳಿ?” ಅತ್ತಿಗೆ ಒಳಗಿನಿಂದ ಕೇಳಿಸಿಕೊಂಡಿದ್ದರು. ಅವರು ಹೋದಮೇಲೆ ನನ್ನನ್ನು ಕೇಳಿದರು: “ನೀವು ನಾಲ್ಕು ಪುಸ್ತಕ ಓದಿದವರು. ಇದು ನಿಜವೋ ಸುಳ್ಳೋ ಹೇಳಿಬಿಡಿ.” ಆ ಲೆಕ್ಕದಲ್ಲಿ ನಾನೂ ಆ ಮನೆತನದವನೇ. ಹೀಗಾಗಿ ಪುಸ್ತಕಗಳ ಮೊರೆಹೋದೆ; ತಿಳಿಯದ ಕಡೆ ಕಾಲೇಜಿನ ಜೀವಶಾಸ್ತ್ರದ ಮಿತ್ರರನ್ನು ಪೀಡಿಸಿದೆ.

‘ಮನೆತನದ ರೋಗ’ ಎಂಬ ಈ ಭೀತಿ ಮಲೆನಾಡಿನದು ಮಾತ್ರವಲ್ಲ. ನೆಪೋಲಿಯನ್ ಬೋನಪಾರ್ಟೆಯ ತಂದೆ ಕಾರ್ಲೊ ೧೭೮೫ರಲ್ಲಿ, ನಲವತ್ತು ತುಂಬುವ ಮೊದಲೇ, ಜಠರದ ಗಡ್ಡೆಯಿಂದ ಸತ್ತ. ಸೇಂಟ್ ಹೆಲೆನಾ ದ್ವೀಪದಲ್ಲಿ ಸೆರೆಯಾಗಿದ್ದ ಮಗ, ತನ್ನ ಹೊಟ್ಟೆನೋವು ಹೆಚ್ಚಿದಂತೆಲ್ಲ, ಅಪ್ಪನ ರೋಗವೇ ತನಗೂ ಬಂದಿದೆಯೆಂದು ಶಂಕಿಸುತ್ತಿದ್ದ. ಯುರೋಪನ್ನು ನಡುಗಿಸಿದವನು ತನ್ನ ಹೊಟ್ಟೆಗೆ ಹೆದರಿದ! ೧೮೨೧ರ ಮೇ ೫ರಂದು ಆತ ಸತ್ತ ಮರುದಿನ ಶವವನ್ನು ಪರೀಕ್ಷಿಸಿದ ವೈದ್ಯರಿಗೆ ಜಠರದಲ್ಲಿ ದೊಡ್ಡದೊಂದು ಹುಣ್ಣು ಕಾಣಿಸಿತು. ವಿಷವಿಕ್ಕಿ ಕೊಂದರೆಂಬ ಕಥೆ ಆಮೇಲೆ ಹುಟ್ಟಿಕೊಂಡು ಬಹುಕಾಲ ಬಾಳಿತು. ಕೊನೆಗೆ ೨೦೦೭ರಲ್ಲಿ ಸ್ವಿಟ್ಜರ್ಲೆಂಡ್, ಅಮೆರಿಕ ಮೊದಲಾದ ಕಡೆಯ ತಜ್ಞರು ಆ ಹಳೆಯ ವರದಿಗಳನ್ನು ಇಂದಿನ ತಿಳಿವಳಿಕೆಯ ಬೆಳಕಿನಲ್ಲಿ ಮತ್ತೆ ಓದಿದರು. ಅದು ಮುಂದುವರಿದ ಜಠರದ ಕ್ಯಾನ್ಸರ್ ಎಂದೇ ಅವರ ನಿರ್ಣಯ. ಆದರೆ ಅದಕ್ಕೆ ಮುಖ್ಯ ಕಾರಣ ತಂದೆಯಿಂದ ಬಂದ ರಕ್ತವಲ್ಲ, ಬಹುಕಾಲ ಜಠರದಲ್ಲಿ ನೆಲೆಸಿದ್ದ ಒಂದು ರೋಗಾಣುವಿರಬೇಕು ಎಂದು ಅವರು ಸೂಚಿಸಿದರು. ಈ ರೋಗಾಣುವಿನ ವಿಷಯಕ್ಕೆ ಸ್ವಲ್ಪ ಹೊತ್ತಿನಲ್ಲಿ ಬರುತ್ತೇನೆ.

ಹತ್ತೊಂಬತ್ತನೆಯ ಶತಮಾನದ ವೈದ್ಯರು ಈ ರೋಗವನ್ನು ಎದುರಿಸಿದ್ದು ಕತ್ತಿಯಿಂದ. ೧೮೮೧ರ ಜನವರಿ ೨೯ರಂದು ವಿಯೆನ್ನಾದಲ್ಲಿ ಥಿಯೊಡೋರ್ ಬಿಲ್‌ರೋತ್ ಎಂಬ ಶಸ್ತ್ರವೈದ್ಯ ೪೩ ವರ್ಷದ ಹೆಂಗಸೊಬ್ಬಳ ಜಠರದ ಕೆಳಭಾಗವನ್ನು ಗಡ್ಡೆಯ ಸಮೇತ ಕತ್ತರಿಸಿ ತೆಗೆದು, ಉಳಿದುದನ್ನು ಕರುಳಿಗೆ ಹೊಲಿದ. ಅದಕ್ಕೆ ಮೊದಲು ಪ್ಯಾರಿಸಿನಲ್ಲಿಯೂ ಪೋಲೆಂಡಿನಲ್ಲಿಯೂ ಈ ಸಾಹಸ ಮಾಡಿದ್ದವರ ರೋಗಿಗಳು ಉಳಿದಿರಲಿಲ್ಲ. ಈಕೆ ಉಳಿದಳು, ಊಟ ಮಾಡಿದಳು, ಮನೆಗೆ ಹೋದಳು. ನಾಲ್ಕು ತಿಂಗಳ ತರುವಾಯ ರೋಗ ಮರಳಿ ಬಂದು ಆಕೆಯನ್ನು ಕೊಂಡೊಯ್ದಿತು. ಕತ್ತಿ ಎಷ್ಟೇ ಹರಿತವಾದರೂ ಕಾಲ ಮೀರಿದ ಮೇಲೆ ಅದರ ಆಟ ನಡೆಯದೆಂಬುದು ಸ್ಪಷ್ಟವಾಯಿತು.

ಕಾಲ ಮೀರುವ ಮೊದಲೇ ನೋಡುವ ಪಣ ತೊಟ್ಟವರು ಜಪಾನಿಗಳು. ಅವರ ನಾಡಿನಲ್ಲಿ ಈ ರೋಗದ ಹಾವಳಿ ಬಹಳ. ೧೯೫೦ರಲ್ಲಿ ಅಲ್ಲಿನ ವೈದ್ಯನೊಬ್ಬನೂ ಒಲಿಂಪಸ್ ಕಾರ್ಖಾನೆಯ ಎಂಜಿನಿಯರುಗಳೂ ಸೇರಿ ಬಾಯಿಯ ಮೂಲಕ ಜಠರಕ್ಕಿಳಿಸುವ ಪುಟ್ಟ ಕ್ಯಾಮರಾ ಒಂದನ್ನು ನಿರ್ಮಿಸಿದರು. ೧೯೬೨ರಲ್ಲಿ ‘ಆರಂಭದ ಕ್ಯಾನ್ಸರ್’ ಎಂದರೆ ಯಾವುದೆಂದು ಅವರು ನಿಯಮ ಕಟ್ಟಿದರು: ಜಠರದ ಒಳಪೊರೆ ಮತ್ತು ಅದರ ಕೆಳಗಿನ ಒಂದು ಪದರವನ್ನು ದಾಟದೆ ಇರುವುದು. ಆ ಹಂತದಲ್ಲಿ ಪತ್ತೆಯಾದವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಮೇಲ್ಪಟ್ಟವರು ಐದು ವರ್ಷ ಕಳೆದೂ ಬದುಕಿರುತ್ತಾರೆ. ನಮ್ಮಣ್ಣನಂತೆ ಯಕೃತ್ತಿಗೆ ಹಬ್ಬಿದ ಮೇಲೆ ಬಂದವರಲ್ಲಿ ಅಷ್ಟು ಕಾಲ ಉಳಿಯುವವರು ಅತಿ ವಿರಳ. ಒಂದೇ ರೋಗ; ನೋಡಿದ ಕಾಲ ಬೇರೆ, ಅಷ್ಟೆ.

ಆದರೆ ಆರಂಭಕ್ಕೂ ಒಂದು ಆರಂಭವಿರಬೇಕಲ್ಲ? ಅದನ್ನು ಹುಡುಕಿದವನು ದಕ್ಷಿಣ ಅಮೆರಿಕದ ಕೊಲಂಬಿಯಾದ ಪೆಲಾಯೊ ಕೊರ್ರೆಯಾ. ಆ ದೇಶದ ನಾರಿನ್ಯೊ ಪ್ರಾಂತದಲ್ಲಿ ಒಂದು ವಿಚಿತ್ರವಿತ್ತು. ಬೆಟ್ಟದ ಮೇಲಿನ ಊರುಗಳವರಿಗೆ ಈ ಕ್ಯಾನ್ಸರ್ ವಿಪರೀತ. ಅದೇ ಪ್ರಾಂತದ ಕಡಲಂಚಿನವರಿಗೆ ಅತಿ ಕಡಿಮೆ. ಕೊರ್ರೆಯಾ ಮತ್ತು ಅವನ ಸಂಗಡಿಗರು ಸಾವಿರಾರು ಜಠರಗಳ ಒಳಪೊರೆಯ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ೧೯೭೫ರಲ್ಲಿ ಒಂದು ಮೆಟ್ಟಿಲುಸಾಲಿನ ಕಲ್ಪನೆಯನ್ನು ಮುಂದಿಟ್ಟರು. ಮೊದಲು ಒಳಪೊರೆ ಉರಿಯೂತದಿಂದ ಕೆಂಪೇರುತ್ತದೆ. ವರ್ಷಗಳು ಕಳೆದಂತೆ ಆಮ್ಲ ಸುರಿಸುವ ಗ್ರಂಥಿಗಳು ಸೊರಗುತ್ತವೆ. ಆಮೇಲೆ ಸೊರಗಿದ ಜಾಗದಲ್ಲಿ ಜಠರದ ಕೋಶಗಳ ಬದಲು ಕರುಳಿನ ಕೋಶಗಳು ಮೊಳೆಯುತ್ತವೆ. ಗದ್ದೆಯಲ್ಲಿ ಭತ್ತ ಬಿತ್ತಿದ ಕಡೆ ರಾಗಿಯ ಪೈರು ಎದ್ದಂತೆ. ತರುವಾಯ ಅವುಗಳ ಆಕಾರ ಕೆಡುತ್ತದೆ. ಕಡೆಯ ಮೆಟ್ಟಿಲು ಕ್ಯಾನ್ಸರ್. ಮೊದಲ ಮೆಟ್ಟಿಲಿನಿಂದ ಕಡೆಯದಕ್ಕೆ ಹಲವು ದಶಕಗಳೇ ಹಿಡಿಯಬಹುದು. ಬಹುಮಂದಿ ನಡುವೆಯೇ ನಿಂತುಬಿಡುತ್ತಾರೆ. ಫಿನ್ಲೆಂಡಿನ ಲಾರೆನ್ ೧೯೬೫ರಲ್ಲಿಯೇ ಈ ರೋಗದಲ್ಲಿ ಎರಡು ಬಗೆಯುಂಟೆಂದು ತೋರಿಸಿದ್ದ: ಕರುಳಿನ ರೂಪದ್ದು ಒಂದು, ಗಂಟುಕಟ್ಟದೆ ಚದುರಿ ಹಬ್ಬುವುದು ಇನ್ನೊಂದು. ಕೊರ್ರೆಯಾನ ಮೆಟ್ಟಿಲುಗಳು ಮೊದಲ ಬಗೆಯವು.

ಮೊದಲ ಮೆಟ್ಟಿಲಿನ ಮೇಲೆ ಕಾಲಿಡಿಸಿದವರು ಯಾರು? ಇದಕ್ಕೆ ಉತ್ತರ ಬಂದದ್ದು ಆಸ್ಟ್ರೇಲಿಯದ ಪರ್ತ್ ನಗರದಿಂದ. ಜಠರದ ಆಮ್ಲದಲ್ಲಿ ಯಾವ ಕ್ರಿಮಿಯೂ ಬದುಕದೆಂದು ಎಲ್ಲರೂ ನಂಬಿದ್ದ ಕಾಲದಲ್ಲಿ ರಾಬಿನ್ ವಾರನ್ ೧೯೭೯ರಲ್ಲಿ ಒಳಪೊರೆಯ ಮೇಲೆ ಸುರುಳಿಯಾಕಾರದ ರೋಗಾಣುಗಳನ್ನು ಕಂಡ. ತರುಣ ವೈದ್ಯ ಬ್ಯಾರಿ ಮಾರ್ಷಲ್ ಅವನ ಜೊತೆಗೂಡಿದ. ಅವುಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸುವ ಪ್ರಯತ್ನ ಪದೇ ಪದೇ ವಿಫಲವಾಗುತ್ತಿತ್ತು, ಏಕೆಂದರೆ ಎರಡು ದಿನಕ್ಕೇ ತಟ್ಟೆಗಳನ್ನು ಎಸೆಯುತ್ತಿದ್ದರು. ೧೯೮೨ರ ಈಸ್ಟರ್ ಹಬ್ಬದ ರಜೆಯಲ್ಲಿ ತಟ್ಟೆಗಳು ಐದು ದಿನ ಹಾಗೆಯೇ ಉಳಿದುವು. ಮರಳಿ ಬಂದು ನೋಡಿದರೆ ರೋಗಾಣು ಬೆಳೆದಿತ್ತು. ರಜೆಯಿಂದ ವಿದ್ಯೆಗೆ ಉಪಕಾರವಾದ ನಿದರ್ಶನ ಇದು. ನಮ್ಮ ವೃತ್ತಿಯವರು ನೆನಪಿಟ್ಟುಕೊಳ್ಳತಕ್ಕದ್ದು! ಆದರೂ ಜನ ನಂಬದಿರಲು ೧೯೮೪ರಲ್ಲಿ ಮಾರ್ಷಲ್ ಆ ರೋಗಾಣುವಿನ ನೀರನ್ನು ತಾನೇ ಕುಡಿದು ಜಠರದ ಉರಿಯೂತ ತರಿಸಿಕೊಂಡ. ಹೆಲಿಕೊಬ್ಯಾಕ್ಟರ್ ಪೈಲೊರಿ ಎಂದು ಹೆಸರಾದ ಈ ಜೀವಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ೧೯೯೪ರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ಪಂಕ್ತಿಗೆ ಸೇರಿಸಿತು. ೨೦೦೫ರಲ್ಲಿ ಇಬ್ಬರಿಗೂ ನೊಬೆಲ್ ಬಂದಿತು.

ಇದನ್ನು ಓದುವಾಗ ನನಗೆ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರಿನ ನೆನಪು ಬಂದುದು ಸಹಜ. ೧೯೫೭ರಲ್ಲಿ ಅಲ್ಲಿನ ಕಾಡಿನಲ್ಲಿ ಮಂಗಗಳು ಸಾಯತೊಡಗಿದುವು. ಸೌದೆಗೆ, ಸೊಪ್ಪಿಗೆ ಹೋದವರು ಜ್ವರದಿಂದ ಬಿದ್ದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹೊಸದೊಂದು ವೈರಸ್ಸನ್ನೂ ಅದನ್ನು ಹೊರುವ ಉಣುಗನ್ನೂ ಪತ್ತೆಹಚ್ಚಿದರು. ಜಗತ್ತಿನ ವೈದ್ಯ ಗ್ರಂಥಗಳಲ್ಲಿ ನಮ್ಮ ತಾಲ್ಲೂಕಿನ ಹೆಸರು ಸೇರಿದ್ದು ಹೀಗೆ. ಮಂಗನ ಕಾಯಿಲೆ ಒಂದು ಬೇಸಗೆಯಲ್ಲಿ ಕಣ್ಣೆದುರಿಗೇ ಬಂದು ಕೊಲ್ಲುತ್ತದೆ, ಆದ್ದರಿಂದ ಅದನ್ನು ಯಾರೂ ಮನೆತನದ ರೋಗವೆನ್ನಲಿಲ್ಲ. ಜಠರದ ರೋಗಾಣು ಎಳೆತನದಲ್ಲಿ, ಬಹುಮಟ್ಟಿಗೆ ಮನೆಯವರಿಂದಲೇ ಮಕ್ಕಳಿಗೆ ಹತ್ತುತ್ತದೆ. ಕೊಲ್ಲುವುದಿದ್ದರೆ ಕೊಲ್ಲುವುದು ಐವತ್ತು ವರ್ಷದ ಮೇಲೆ. ನಡುವಿನ ದಾರಿ ಕಾಣದವರಿಗೆ ಅಜ್ಜ, ಅಪ್ಪ ಎಂಬ ಎರಡು ತುದಿಗಳಷ್ಟೆ ಕಾಣುತ್ತವೆ.

ಆ ನಡುವಿನ ದಾರಿಯಲ್ಲಿ ಕೋಶದೊಳಗೆ ಏನು ನಡೆಯುತ್ತದೆಂಬುದೇ ಈ ಕಥೆಯ ಅತ್ಯಂತ ಹೊಸ ಭಾಗ. ನಮ್ಮ ದೇಹದ ಪ್ರತಿಯೊಂದು ಕೋಶದಲ್ಲಿಯೂ ಹೆಚ್ಚುಕಡಮೆ ಒಂದೇ ಗ್ರಂಥವಿದೆ. ಸುಮಾರು ಇಪ್ಪತ್ತು ಸಾವಿರ ಜೀನುಗಳುಳ್ಳ ಓಲೆಗರಿಯ ಕಟ್ಟು ಎನ್ನೋಣ. ಕಣ್ಣಿನ ಕೋಶಕ್ಕೂ ಜಠರದ ಕೋಶಕ್ಕೂ ಕಟ್ಟು ಒಂದೇ. ಹಾಗಾದರೆ ಅವು ಬೇರೆಬೇರೆಯಾದುದು ಹೇಗೆ? ಓದುವ ಗರಿಗಳು ಬೇರೆಯಾದುದರಿಂದ. ಗಮಕಿಯೊಬ್ಬ ಇಡೀ ಭಾರತವನ್ನು ಮುಂದಿಟ್ಟುಕೊಂಡು ಆ ಸಂಜೆಗೆ ಬೇಕಾದ ಸಂಧಿಯನ್ನು ಮಾತ್ರ ವಾಚಿಸುವಂತೆ, ಪ್ರತಿಯೊಂದು ಕೋಶವೂ ತನಗೆ ಬೇಕಾದ ಜೀನುಗಳನ್ನು ಮಾತ್ರ ಓದುತ್ತದೆ. ಓದಿದ್ದನ್ನು ಆರ್‌ಎನ್‌ಎ ಎಂಬ ನಕಲಿಗೆ ಇಳಿಸುತ್ತದೆ. ಆ ನಕಲಿನಂತೆ ಪ್ರೋಟೀನುಗಳನ್ನು ಕಟ್ಟುತ್ತದೆ. ಈ ಓದಿಗೆ ಬೀಗಗಳೂ ಕೀಲಿಗಳೂ ಇವೆಯೆಂದು ಫ್ರಾನ್ಸಿನ ಜಾಕೋಬ್ ಮತ್ತು ಮೊನೊ ೧೯೬೧ರಲ್ಲಿ ತೋರಿಸಿಕೊಟ್ಟರು. ವಿಜ್ಞಾನ ಲೇಖಕರು ಇದನ್ನು ‘ವಂಶವಾಹಿಯ ಅಭಿವ್ಯಕ್ತಿ’ ಎನ್ನುತ್ತಾರೆ. ಮಾತು ಭಾರವಾಯಿತೆಂದು ನನ್ನ ನಮ್ರ ಅಭಿಪ್ರಾಯ. ಅದಕ್ಕಿಂತ ಹೆಚ್ಚಾಗಿ, ‘ವಂಶ’ ಎಂಬ ಶಬ್ದ ಮುಂದೆ ನಿಂತು ಕೇಳುವವರನ್ನು ದಾರಿ ತಪ್ಪಿಸುತ್ತದೆ. ‘ಜೀನಿನ ಓದು’ ಎಂದರೆ ಸಾಕು.

ಜಠರದ ಕೋಶದಲ್ಲಿ ಸಾಕ್ಸ್-೨ ಎಂಬ ಜೀನು ಓದಲ್ಪಡುತ್ತಿರಬೇಕು. ಸಿಡಿಎಕ್ಸ್-೨ ಎಂಬುದು ಕಟ್ಟಿಟ್ಟ ಗರಿಯಾಗಿರಬೇಕು. ಎರಡನೆಯದು ಕರುಳಿಗೆ ಸೇರಿದ್ದು. ರೋಗಾಣು ಬಹುಕಾಲ ಕುಳಿತು ಉರಿಯೂತ ಹೊತ್ತಿಸಿದಾಗ ಕೀಲಿಗಳು ತಾರುಮಾರಾಗುತ್ತವೆ. ಜಠರದಲ್ಲಿ ಸಿಡಿಎಕ್ಸ್-೨ರ ವಾಚನ ತೊಡಗುತ್ತದೆ. ಕೊರ್ರೆಯಾ ಕಂಡ ಮೂರನೆಯ ಮೆಟ್ಟಿಲು, ಜಠರದಲ್ಲಿ ಕರುಳು ಮೊಳೆಯುವುದು, ಇದರ ಫಲ. ೨೦೦೨ರಲ್ಲಿ ಅಮೆರಿಕ, ಜಪಾನುಗಳ ಎರಡು ತಂಡಗಳು ಇಲಿಗಳ ಜಠರದಲ್ಲಿ ಈ ಒಂದೇ ಜೀನನ್ನು ಬಲವಂತವಾಗಿ ಓದಿಸಿ ನೋಡಿದುವು. ರೋಗಾಣುವಿಲ್ಲದೆಯೇ ಆ ಜಠರಗಳಲ್ಲಿ ಕರುಳಿನ ಕೋಶಗಳು ಎದ್ದುವು. ಎರಡು ವರ್ಷದ ಮೇಲೆ ಅಂಥ ಇಲಿಗಳಲ್ಲಿ ಕ್ಯಾನ್ಸರೂ ಕಾಣಿಸಿತೆಂದು ಜಪಾನಿನವರು ವರದಿ ಮಾಡಿದರು. ಮನುಷ್ಯರಲ್ಲಿ ಆ ಕರುಳಿನಂಥ ಕೋಶವೇ ಮುಂದೆ ಕ್ಯಾನ್ಸರಾಗುತ್ತದೆಯೋ, ಅಥವಾ ಅದು ಕೆಟ್ಟ ನೆಲದ ಗುರುತು ಮಾತ್ರವೋ ಎಂಬ ಚರ್ಚೆ ಪಂಡಿತರಲ್ಲಿ ಇಂದಿಗೂ ಉಂಟು.

ಇನ್ನೂ ಆಶ್ಚರ್ಯದ ಸಂಗತಿಯೊಂದನ್ನು ಜಪಾನಿನ ಕ್ಯೋಟೋದವರು ೨೦೦೭ರಲ್ಲಿ ಪ್ರಕಟಿಸಿದರು. ನಮ್ಮ ರಕ್ತದಲ್ಲಿ ರೋಗನಿರೋಧಕ ದ್ರವ್ಯಗಳನ್ನು ತಯಾರಿಸುವ ಕೋಶಗಳಿವೆ. ಎಂಥ ಶತ್ರು ಬಂದರೂ ಎದುರಿಸುವಂತೆ ಅವು ತಮ್ಮದೇ ಗ್ರಂಥದ ಕೆಲವು ಅಕ್ಷರಗಳನ್ನು ಬೇಕೆಂದೇ ತಿದ್ದಿಕೊಳ್ಳುತ್ತವೆ. ಆ ತಿದ್ದುವ ಕಂಠಕ್ಕೆ ಎಐಡಿ ಎಂದು ಹೆಸರು. ಈ ಉಪಕರಣದ ಜೀನು ಜಠರದ ಕೋಶದಲ್ಲಿ ಮುಚ್ಚಿರಬೇಕಾದದ್ದು. ಹೆಲಿಕೊಬ್ಯಾಕ್ಟರ್ ಸೋಂಕಿದಾಗ ಅದು ಅಲ್ಲಿ ತೆರೆದುಕೊಳ್ಳುತ್ತದೆ. ಕಂಠ ಬೇರೆಯವರ ಕೈಗೆ ಸಿಕ್ಕಮೇಲೆ ಕೇಳಬೇಕೆ? ಕೋಶದ ಕಾವಲುಗಾರನೆನಿಸಿದ ಪಿ-೫೩ ಎಂಬ ಜೀನಿನ ಅಕ್ಷರಗಳೇ ಕೆಡತೊಡಗುತ್ತವೆ. ಇಲ್ಲಿ ಗಮನಿಸಬೇಕಾದುದು ಕ್ರಮ. ಮೊದಲು ಕೆಟ್ಟದ್ದು ಓದು. ಅಕ್ಷರ ಕೆಟ್ಟದ್ದು ಆಮೇಲೆ. ಅಂದರೆ ಈ ಕ್ಯಾನ್ಸರಿನ ಮೂಲಪ್ರತಿಯನ್ನು ಅಜ್ಜ ಬರೆದಿಟ್ಟು ಹೋದುದಲ್ಲ; ಆ ಕೋಶದಲ್ಲಿಯೇ, ಆ ಮನುಷ್ಯನ ಬಾಳಿನಲ್ಲಿಯೇ, ತಪ್ಪು ಓದಿನಿಂದ ತಪ್ಪು ಬರಹ ಹುಟ್ಟಿತು.

ಹಾಗೆಂದ ಮಾತ್ರಕ್ಕೆ ರಕ್ತದಲ್ಲಿ ಬರುವ ಜಠರದ ಕ್ಯಾನ್ಸರ್ ಇಲ್ಲವೇ ಇಲ್ಲವೆಂದು ತಿಳಿಯಬಾರದು. ನ್ಯೂಜಿಲೆಂಡಿನ ಒಂದು ಮಾವೊರಿ ಮನೆತನದಲ್ಲಿ ಮೂವತ್ತು ವರ್ಷಗಳಲ್ಲಿ ೨೫ಕ್ಕೂ ಹೆಚ್ಚು ಮಂದಿ, ಅವರಲ್ಲಿ ಎಳೆಯರೂ ಸೇರಿ, ಇದರಿಂದ ಸತ್ತಿದ್ದರು. ಶಾಪವೆಂದು ಸುಮ್ಮನಿರದೆ ಆ ಮನೆಯವರು ತಾವೇ ವಂಶವೃಕ್ಷವನ್ನು ಬರೆದುಕೊಂಡು ವಿಜ್ಞಾನಿಗಳ ಬಳಿಗೆ ಹೋದರು. ಕೋಶಕ್ಕೆ ಕೋಶವನ್ನು ಅಂಟಿಸುವ ಇ-ಕ್ಯಾಡ್ಹೆರಿನ್ ಎಂಬ ಪ್ರೋಟೀನಿನ ಜೀನಿನಲ್ಲಿ ತಪ್ಪಿದೆಯೆಂದು ೧೯೯೮ರಲ್ಲಿ ಪ್ಯಾರಿ ಗಿಲ್‌ಫರ್ಡ್ ಮತ್ತು ಸಂಗಡಿಗರು ಕಂಡುಹಿಡಿದರು. ಇದು ನಿಜವಾದ ಮನೆತನದ ರೋಗ. ಆದರೆ ಒಟ್ಟು ಜಠರದ ಕ್ಯಾನ್ಸರುಗಳಲ್ಲಿ ಇಂಥ ಕಟ್ಟುನಿಟ್ಟಿನ ಆನುವಂಶಿಕ ಬಗೆಯವು ನೂರಕ್ಕೆ ಒಂದೋ ಮೂರೋ ಅಷ್ಟೆ. ಅದಕ್ಕೂ ಲಕ್ಷಣಗಳಿವೆ: ಚಿಕ್ಕ ವಯಸ್ಸು, ಲಾರೆನ್ ಹೇಳಿದ ಚದುರಿ ಹಬ್ಬುವ ಬಗೆ, ಒಂದೇ ಮನೆಯಲ್ಲಿ ಹಲವು ಸಾವು. ಸ್ವಾರಸ್ಯವೆಂದರೆ ಇದೇ ಇ-ಕ್ಯಾಡ್ಹೆರಿನ್ ಜೀನು, ಅಕ್ಷರದೋಷವಿಲ್ಲದವರಲ್ಲಿಯೂ, ರೋಗಾಣುವಿನ ದೆಸೆಯಿಂದ ಮುದ್ರೆಯೊತ್ತಿ ಮುಚ್ಚಿದಂತಾಗುವುದುಂಟು. ರೋಗಾಣುವನ್ನು ಕಳೆದರೆ ಆ ಮುದ್ರೆ ಸಡಿಲುವುದುಂಟೆಂದು ಹಾಂಗ್‌ಕಾಂಗಿನ ವೈದ್ಯರು ತೋರಿಸಿದ್ದಾರೆ. ಅಕ್ಷರ ಅಳಿಸಿಹೋದರೆ ಮರಳಿ ಬಾರದು. ಮುಚ್ಚಿದ ಗರಿಯನ್ನು ತೆರೆಯಬಹುದು.

ಉಳವಿಯ ಮನೆಯಲ್ಲಿ ಸತ್ತವರು ಇಬ್ಬರು, ಇಬ್ಬರೂ ಐವತ್ತೈದು ದಾಟಿದವರು. ಅಣ್ಣನ ಪರೀಕ್ಷೆಯ ಕಾಗದದಲ್ಲಿ ಕರುಳಿನ ರೂಪದ ಬಗೆಯೆಂದೇ ಬರೆದಿತ್ತು. ಕಾಗದಗಳನ್ನು ನೋಡಿದ ತಜ್ಞರು ಅದು ಮಾವೊರಿಗಳ ಮಾದರಿಯಂತೆ ಕಾಣುವುದಿಲ್ಲವೆಂದರು. ಆದರೆ ಇನ್ನೊಂದು ಮಾತನ್ನೂ ಸೇರಿಸಿದರು: ತಂದೆತಾಯಿ, ಒಡಹುಟ್ಟಿದವರಲ್ಲಿ ಈ ರೋಗ ಬಂದಿದ್ದರೆ ಉಳಿದವರಿಗೆ ಅಪಾಯ ಇತರರಿಗಿಂತ ಎರಡು ಮೂರು ಪಾಲು ಹೆಚ್ಚು. ರಕ್ತದ ಪಾಲು ಅದರಲ್ಲಿ ಸ್ವಲ್ಪ ಇದ್ದೀತು. ಒಂದೇ ಮನೆಯ ಅನ್ನನೀರು, ಒಂದೇ ಉಪ್ಪಿನಕಾಯಿ ಜಾಡಿ, ಒಂದೇ ರೋಗಾಣು, ಇವುಗಳ ಪಾಲೂ ಇದೆ. ಮನೆಯಿಂದ ಬಂದುದೆಲ್ಲ ವಂಶದಿಂದ ಬಂದುದಲ್ಲ. ಇದನ್ನು ಅತ್ತಿಗೆಗೆ ವಿವರಿಸಿದಾಗ ಅವರು ಒಂದೇ ಮಾತಿನಲ್ಲಿ ಕೇಳಿದರು: “ಹಾಗಾದರೆ ಇದಕ್ಕೆ ಮಾಡಬಹುದಾದದ್ದು ಏನಾದರೂ ಇದೆ ಎಂದಾಯಿತಲ್ಲ?”

ಇದೆ. ಕೊರಿಯಾ ದೇಶದ ವೈದ್ಯರು ಇಂಥ ಮನೆಗಳವರನ್ನೇ ಆರಿಸಿ, ಸೋಂಕಿದ್ದವರಲ್ಲಿ ಅರ್ಧದಷ್ಟು ಜನಕ್ಕೆ ರೋಗಾಣುವನ್ನು ಕೊಲ್ಲುವ ಔಷಧವನ್ನೂ ಉಳಿದರ್ಧಕ್ಕೆ ಬರಿಯ ಹುಸಿಮಾತ್ರೆಯನ್ನೂ ಕೊಟ್ಟು, ಒಂಬತ್ತು ವರ್ಷಗಳಷ್ಟು ಕಾಲ ಕಾದು ನೋಡಿದರು. ೨೦೨೦ರಲ್ಲಿ ಫಲ ಪ್ರಕಟವಾಯಿತು: ಔಷಧ ಪಡೆದ ೮೩೨ ಮಂದಿಯಲ್ಲಿ ೧೦ ಜನಕ್ಕೆ ಕ್ಯಾನ್ಸರ್ ಬಂದಿತ್ತು, ಪಡೆಯದ ೮೪೪ರಲ್ಲಿ ೨೩ ಜನಕ್ಕೆ. ತೈವಾನಿಗೆ ಸೇರಿದ ಮಾತ್ಸು ದ್ವೀಪಗಳಲ್ಲಿ ೨೦೦೪ರಿಂದ ಊರಿಗೆ ಊರೇ ಪರೀಕ್ಷೆ ಮಾಡಿಸಿ ಔಷಧ ಕೊಟ್ಟರು. ಅಲ್ಲಿ ಈ ಕ್ಯಾನ್ಸರ್ ಅರ್ಧಕ್ಕಿಂತ ತುಸು ಹೆಚ್ಚೇ ಇಳಿದಿದೆ. ಉಳವಿಯ ಮನೆಯಲ್ಲಿ ಎಲ್ಲರೂ ಪರೀಕ್ಷೆ ಮಾಡಿಸಿಕೊಂಡರು. ನಾನೂ ಮಾಡಿಸಿಕೊಂಡೆ. ಉಸಿರನ್ನು ಒಂದು ಚೀಲಕ್ಕೆ ಊದುವುದಷ್ಟೆ, ಹೆದರುವಂಥದು ಏನಿಲ್ಲ. ನನಗೂ ಅಣ್ಣನ ಮಗನಿಗೂ ಸೋಂಕಿತ್ತು. ಹದಿನಾಲ್ಕು ದಿನ ಮಾತ್ರೆ ನುಂಗಿದೆವು. ಹುಡುಗಿಗೆ ಸೋಂಕು ಇರಲೇ ಇಲ್ಲ.

ಇಷ್ಟಾದರೂ ನಮ್ಮ ದೇಶದ ಲೆಕ್ಕ ಸಲೀಸಾಗಿ ಬಗೆಹರಿಯುವುದಿಲ್ಲ. ಭಾರತದ ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಜಠರದಲ್ಲಿ ಈ ರೋಗಾಣುವಿದೆ. ಆದರೂ ಒಟ್ಟಾರೆ ಈ ಕ್ಯಾನ್ಸರ್ ಜಪಾನ್, ಕೊರಿಯಾಗಳಿಗಿಂತ ಬಹಳ ಕಡಿಮೆ. ಅದೇ ಮಿಜೋರಾಮಿನಲ್ಲಿ ದೇಶದಲ್ಲೇ ಅತಿ ಹೆಚ್ಚು. ಹೊಗೆಯಲ್ಲಿ ಒಣಗಿಸಿದ ಮಾಂಸ, ಹೊಗೆಸೊಪ್ಪಿನ ಹೊಗೆ ಬೆರೆಸಿದ ‘ತುಯಿಬುರ್’ ಎಂಬ ನೀರು, ಇವುಗಳ ಮೇಲೆ ಸಂಶೋಧಕರ ಕಣ್ಣಿದೆ. ರೋಗಾಣುವಿನ ತಳಿ, ಉಪ್ಪು, ತಂಬಾಕು, ತಿನ್ನುವ ಹಣ್ಣುತರಕಾರಿ, ಎಲ್ಲವೂ ಓದಿನ ಮೇಲೆ ತಮ್ಮ ಕೈ ಇಡುತ್ತವೆ. ಕೊಲಂಬಿಯಾದ ಬೆಟ್ಟದವರಿಗೂ ಕಡಲಿನವರಿಗೂ ಸೋಂಕು ಸಮಾನವಾಗಿಯೇ ಇತ್ತೆಂಬುದನ್ನು ಇಲ್ಲಿ ನೆನೆಯಬೇಕು.

ಕರ್ನಾಟಕದಲ್ಲಿ ಈ ವಿಚಾರ ಲೆಕ್ಕಕ್ಕೆ ಬಂದದ್ದು ತಡವಾಗಿ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಸಂಸ್ಥೆ ೧೯೭೩ರಲ್ಲಿ ಆರಂಭವಾಯಿತು. ೧೯೮೨ರ ಜನವರಿಯಿಂದ ಅಲ್ಲಿ ನಗರದ ಕ್ಯಾನ್ಸರ್ ರೋಗಿಗಳ ದಾಖಲೆ ಇಡತೊಡಗಿದರು. ಮುಂಬಯಿ, ಮದ್ರಾಸುಗಳ ಜೊತೆಗೆ ದೇಶದ ಆರಂಭಕಾಲದ ದಾಖಲೆಗಳಲ್ಲಿ ಇದೂ ಒಂದು. ಬೆಂಗಳೂರಿನ ಗಂಡಸರಿಗೆ ಬರುವ ಕ್ಯಾನ್ಸರುಗಳಲ್ಲಿ ಜಠರದ್ದು ಮುಂಚೂಣಿಯದೆಂಬುದು ಆ ಪುಟಗಳಿಂದ ತಿಳಿಯಿತು. ಜೀನಿನ ಓದನ್ನು ಪರೀಕ್ಷಿಸಿದವರೂ ನಮ್ಮಲ್ಲಿದ್ದಾರೆ. ಮದ್ರಾಸಿನ ಅಡ್ಯಾರ್ ಕ್ಯಾನ್ಸರ್ ಸಂಸ್ಥೆಯವರು ೨೦೧೦ರಲ್ಲಿ, ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್‌ನವರು ೨೦೧೧ರಲ್ಲಿ ತಂತಮ್ಮ ಫಲಿತಾಂಶಗಳನ್ನು ಪ್ರಕಟಿಸಿದರು. ಬೆಂಗಳೂರಿನವರ ಕ್ರಮ ಹೀಗೆ: ರೋಗಿಯ ಗಡ್ಡೆಯಿಂದ ಒಂದು ಚೂರು, ಪಕ್ಕದ ಆರೋಗ್ಯವಂತ ಭಾಗದಿಂದ ಒಂದು ಚೂರು ತೆಗೆದು, ಎರಡರ ಆರ್‌ಎನ್‌ಎ ನಕಲುಗಳಿಗೆ ಬೇರೆಬೇರೆ ಬಣ್ಣ ಕಟ್ಟಿ, ಸುಮಾರು ೪೧,೦೦೦ ಚುಕ್ಕೆಗಳುಳ್ಳ ಒಂದು ಗಾಜಿನ ಫಲಕದ ಮೇಲೆ ಹರಿಯಬಿಡುವುದು. ಯಾವ ಚುಕ್ಕೆಯಲ್ಲಿ ಯಾವ ಬಣ್ಣ ಮೇಲಾಯಿತೆಂದು ನೋಡಿದರೆ ಯಾವ ಜೀನು ಗಡ್ಡೆಯಲ್ಲಿ ಹೆಚ್ಚು ಓದಲ್ಪಡುತ್ತಿದೆಯೆಂದು ತಿಳಿಯುತ್ತದೆ. ಎರಡು ಹಸ್ತಪ್ರತಿಗಳನ್ನು ಪಕ್ಕಪಕ್ಕದಲ್ಲಿಟ್ಟು ಪಾಠಾಂತರ ಹುಡುಕುವ ನಮ್ಮ ಗ್ರಂಥಸಂಪಾದಕರ ಕೆಲಸಕ್ಕೂ ಇದಕ್ಕೂ ಬಹಳ ದೂರವಿಲ್ಲ. ಕೋಶಗಳ ಅಂಟಿಗೂ ವೃದ್ಧಿಗೂ ಸಂಬಂಧಿಸಿದ ಜೀನುಗಳ ಓದು ಏರಿತ್ತು. ದಿನನಿತ್ಯದ ಪಚನಕಾರ್ಯದ ಜೀನುಗಳದು ಇಳಿದಿತ್ತು. ಟೆಸ್ಟಿಕಾನ್-೧ ಎಂಬ, ಈ ರೋಗದಲ್ಲಿ ಅದುವರೆಗೆ ಯಾರೂ ಗಮನಿಸದಿದ್ದ ಒಂದು ಜೀನಿನ ಓದು ಹತ್ತುಪಟ್ಟು ಹೆಚ್ಚಿತ್ತು. ಬೇರೆ ೨೮೨ ಗಡ್ಡೆಗಳಲ್ಲಿ ಅದರ ಪ್ರೋಟೀನನ್ನು ಹುಡುಕಿದಾಗ ೧೬೦ರಲ್ಲಿ ಅದು ಮಿತಿಮೀರಿ ಸಿಕ್ಕಿತು.

ನೂರಕ್ಕೆ ಸುಮಾರು ಐವತ್ತೇಳು. ಇದು ಸಣ್ಣ ಸಂಖ್ಯೆಯಲ್ಲ, ಸಾಕಾಗುವ ಸಂಖ್ಯೆಯೂ ಅಲ್ಲ. ನಾಲ್ಕು ಹನಿ ರಕ್ತದಲ್ಲಿ ಇಂಥ ಗುರುತುಗಳನ್ನು ನೋಡಿ, ಮೆಟ್ಟಿಲಿನ ಕೆಳಗಿನ ತುದಿಯಲ್ಲಿಯೇ ಮನುಷ್ಯನನ್ನು ತಡೆದು ನಿಲ್ಲಿಸಬೇಕೆಂಬುದು ಸಂಶೋಧಕರ ಆಸೆ; ಸೊರಬದ ಆಸ್ಪತ್ರೆಯಲ್ಲಿ ಬರೆದುಕೊಡುವಂಥ ಪರೀಕ್ಷೆಯಾಗಿ ಅದಿನ್ನೂ ಬಂದಿಲ್ಲ. ಇಂದಿಗೆ ನಂಬಬಹುದಾದ ಸಾಧನ ಜಪಾನಿಗಳ ಆ ಕ್ಯಾಮರಾದ ಮೊಮ್ಮಗನಾದ ಎಂಡೋಸ್ಕೋಪಿಯೇ. ಶಿವಮೊಗ್ಗದಲ್ಲಿ ಅದು ಹತ್ತು ಹದಿನೈದು ನಿಮಿಷದ ಕೆಲಸ. ನಲವತ್ತೈದು ಐವತ್ತು ದಾಟಿದವರಿಗೆ ಹೊಸದಾಗಿ ಅಜೀರ್ಣ ತೊಡಗಿ ಮೂರು ವಾರವಾದರೂ ನಿಲ್ಲದಿದ್ದರೆ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾದರೆ, ಕಾರಣವಿಲ್ಲದೆ ಮೈ ಇಳಿದರೆ, ಮಲ ಕಪ್ಪಾದರೆ, ಜೀರಿಗೆ ಕಷಾಯವನ್ನು ಬದಿಗಿಟ್ಟು ಅಲ್ಲಿಗೆ ಹೋಗಬೇಕೆಂದು ವೈದ್ಯರು ಹೇಳುತ್ತಾರೆ. ಅಣ್ಣನಿಗೆ ಇವುಗಳಲ್ಲಿ ಮೂರು ಇದ್ದುವು, ಹದಿಮೂರು ತಿಂಗಳು.